ವಾಕರ್ ತಳ್ಳಿಕೊಂಡು ಕಡಲೆಕಾಯಿ ಪರಿಷೆಗೆ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ರಾಶಿ ಬೀಳುತ್ತದೆ. ಹಸಿ, ಹುರಿದದ್ದು, ಬೇಯಿಸಿದ್ದು. ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ ಎಂದು ಗೊತ್ತಾದ ಮೇಲೆ ಎರಡು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ಮೂರನೇ ವರ್ಷ ಹಟ ಮಾಡಿ ಹೋದೆ. ಜನ ನೋಡ್ತಾರೆ ಅಂತ ವಾಕರ್ ಮನೆಯಲ್ಲೇ ಬಿಟ್ಟಿದ್ದೆ. ಅರ್ಧ ದಾರಿಯಲ್ಲಿ ಕಾಲು ಕೈಕೊಟ್ಟಿತು. ಆಟೊ ಒಳಗೆ ಬರುವಂತಿರಲಿಲ್ಲ. ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಒಂದು ಗಂಟೆ ಕೂತಿದ್ದೆ.

ಎಂಎಸ್‌ನಲ್ಲಿ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿಯ ನರಗಳ ಮೇಲಿನ ಮೈಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಮೆದುಳಿನ ಮಾತು ಕಾಲಿಗೆ ತಡವಾಗಿ ಮುಟ್ಟುತ್ತದೆ, ಕೆಲವು ಸಲ ಮುಟ್ಟುವುದೇ ಇಲ್ಲ. ಬೆಳಿಗ್ಗೆ ಚೆನ್ನಾಗಿ ನಡೆದ ಕಾಲನ್ನು ಸಂಜೆಗೆ ಎಳೆದುಕೊಂಡು ಹೋಗಬೇಕು. ಜಾತ್ರೆಗೆ ಹೊರಡುವ ಮುಂಚೆ ಲೆಕ್ಕ ಹಾಕಬೇಕಾದದ್ದು ಇದನ್ನೇ.

ಮೊದಲ ಹೆಜ್ಜೆ: ಏನು ನೋಡಬೇಕು ಎಂದು ಗಟ್ಟಿ ಮಾಡಿಕೊಳ್ಳಿ

ಎಲ್ಲವನ್ನೂ ನೋಡುತ್ತೇನೆ ಅಂತ ಹೋಗಬೇಡಿ. ಮೈಸೂರು ದಸರಾಕ್ಕೆ ಹೋದರೆ ಜಂಬೂಸವಾರಿಯ ನೂಕುನುಗ್ಗಲು ಬೇಕೋ, ಅದಕ್ಕಿಂತ ಮುಂಚಿನ ಒಂದು ಸಂಜೆ ಅರಮನೆಯ ದೀಪಾಲಂಕಾರ ಸಾಕೋ? ನಾನಂತೂ ದೀಪಾಲಂಕಾರಕ್ಕೇ ಓಟು ಹಾಕುತ್ತೇನೆ. ಪರಿಷೆಯಲ್ಲೂ ಅಷ್ಟೇ. ಭಾನುವಾರ ಸಂಜೆಯಿಂದ ಸೋಮವಾರ ರಾತ್ರಿವರೆಗೆ ಕಾಲಿಡಲು ಜಾಗ ಇರುವುದಿಲ್ಲ. ಆದರೆ ವ್ಯಾಪಾರಿಗಳು ಮುಂಚೆಯೇ ಬಂದು ಕೂತಿರುತ್ತಾರೆ, ಆಮೇಲೂ ಇರುತ್ತಾರೆ. ಶನಿವಾರ ಬೆಳಿಗ್ಗೆಯೋ ಮಂಗಳವಾರವೋ ಹೋಗಿ. ಕಡಲೆಕಾಯಿ ಅದೇ, ಬತ್ತಾಸೂ ಅದೇ.

ಎರಡನೆಯದು: ದಾರಿ ನೋಡಿಕೊಂಡು ಬರಲಿ

ಮನೆಯಲ್ಲಿ ಯಾರಾದರೂ ಒಬ್ಬರು ಎರಡು ದಿನ ಮುಂಚೆ ಹೋಗಿ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಬರಲಿ. ನಮ್ಮನೆಯಲ್ಲಿ ಈ ಕೆಲಸ ಅಕ್ಕನ ಮಗನದು. ಪರಿಷೆಗೆ ಹತ್ತಿರದ ಮೆಟ್ರೊ ನಿಲ್ದಾಣ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು. ಅಲ್ಲಿ ಲಿಫ್ಟ್ ಇದೆ. ಅಲ್ಲಿಂದ ದೊಡ್ಡ ಬಸವಣ್ಣನ ಗುಡಿಗೆ ಸುಮಾರು ಒಂದು ಕಿಲೋಮೀಟರ್. ಎಂಎಸ್ ಇರುವವರಿಗೆ ಇದು ಸಣ್ಣ ದೂರ ಅಲ್ಲ. ಫುಟ್‌ಪಾತ್ ಎಲ್ಲಿ ಎತ್ತರ, ಎಲ್ಲಿ ಚಪ್ಪಡಿ ಎದ್ದಿದೆ, ಎಲ್ಲಿ ಕೂರಬಹುದು, ಶೌಚಾಲಯ ಎಲ್ಲಿದೆ, ಆಟೊ ಎಲ್ಲಿವರೆಗೆ ಬರುತ್ತದೆ, ಇಷ್ಟು ವಿಡಿಯೊದಲ್ಲಿ ಸಿಗಬೇಕು.

ಮೂರನೆಯದು: ಯಾವ ಗಾಡಿ?

ಇಲ್ಲೇ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಊರುಗೋಲು ಗದ್ದಲದಲ್ಲಿ ಸಾಲದು. ಯಾರೋ ಒಬ್ಬರು ಕಾಲಿನಲ್ಲಿ ತಟ್ಟಿದರೆ ಕೋಲೂ ಹೋಯಿತು, ನೀವೂ ಹೋದಿರಿ. ಆದರೂ ಕೈಯಲ್ಲಿ ಕೋಲು ಕಂಡರೆ ಜನ ಸ್ವಲ್ಪ ಜಾಗ ಬಿಡುತ್ತಾರೆ ಎನ್ನುವುದು ನಿಜ. ಕೂರಲು ಸೀಟು ಇರುವ ನಾಲ್ಕು ಚಕ್ರದ ವಾಕರ್ ನನ್ನ ಆಯ್ಕೆ. ಸುಸ್ತಾದಲ್ಲೇ ಬ್ರೇಕ್ ಹಾಕಿ ಕೂತರಾಯಿತು. ದೂರ ಜಾಸ್ತಿ ಇದ್ದರೆ ವೀಲ್‌ಚೇರ್. ನಡೆಯಲು ಬರುವವರು ವೀಲ್‌ಚೇರ್ ಹತ್ತಬಾರದು ಎಂಬ ನಿಯಮ ಎಲ್ಲೂ ಇಲ್ಲ. ದಾರಿಯನ್ನು ಕುರ್ಚಿಯಲ್ಲಿ ಕಳೆದು, ಉಳಿಸಿಕೊಂಡ ಕಾಲನ್ನು ಅಂಗಡಿ ಮುಂದೆ ಖರ್ಚು ಮಾಡಿ. ಒಮ್ಮೆ ಗುಡಿಯ ಹತ್ತಿರ ನಾನು ವೀಲ್‌ಚೇರ್‌ನಿಂದ ಎದ್ದು ನಿಂತಾಗ ಪಕ್ಕದ ಅಜ್ಜಿ ಬಸವಣ್ಣನ ಕಡೆ ತಿರುಗಿ ಕೈ ಮುಗಿದರು. ಪವಾಡ ಅಲ್ಲ ಅಜ್ಜಿ ಅಂತ ಹೇಳಬೇಕಿತ್ತು, ಮನಸ್ಸು ಬರಲಿಲ್ಲ.

ಇನ್ನೊಂದು ವಿಷಯ. ಪರಿಷೆಯ ರಸ್ತೆ ತುಂಬ ಕಡಲೆಕಾಯಿ ಸಿಪ್ಪೆ. ವೀಲ್‌ಚೇರ್‌ನ ಮುಂದಿನ ಚಿಕ್ಕ ಚಕ್ರಕ್ಕೆ ಸಿಪ್ಪೆ, ದಾರ, ಪ್ಲಾಸ್ಟಿಕ್ ಸಿಕ್ಕಿಕೊಳ್ಳುತ್ತವೆ. ಗಾಡಿ ಗಕ್ಕನೆ ನಿಂತು ಕೂತವರು ಮುಂದಕ್ಕೆ ಮುಗ್ಗರಿಸಬಹುದು. ತಳ್ಳುವವರು ಅಂಥ ಕಡೆ ಮುಂಚಕ್ರವನ್ನು ಸ್ವಲ್ಪ ಎತ್ತಿ ಹಿಂಚಕ್ರದ ಮೇಲೆ ದಾಟಿಸಬೇಕು. ಕಡಿದಾದ ಇಳಿಜಾರಿನಲ್ಲಿ ಗಾಡಿಯನ್ನು ಹಿಮ್ಮುಖವಾಗಿ ಇಳಿಸಿ. ಕೊಂಡ ಕಡಲೆಕಾಯಿ ಚೀಲವನ್ನೆಲ್ಲ ಹಿಂದಿನ ಹಿಡಿಕೆಗೆ ನೇತುಹಾಕಬೇಡಿ, ನೀವು ಎದ್ದ ತಕ್ಷಣ ಗಾಡಿ ಮಗುಚುತ್ತದೆ. ಜನ ದಟ್ಟವಾಗಿದ್ದರೆ ಹಿಂದೆ ತಳ್ಳಲು ಒಬ್ಬರು, ಮುಂದೆ ದಾರಿ ಬಿಡಿಸಲು ಇನ್ನೊಬ್ಬರು ಬೇಕು.

ನಾಲ್ಕನೆಯದು: ಬಿಸಿ

ಮೈ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ನಮ್ಮಲ್ಲಿ ಕೆಲವರಿಗೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. 1890ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಥಾಫ್ ಹೆಸರೇ ಇದಕ್ಕಿದೆ. ಹೆದರಬೇಡಿ, ಮೈ ತಣ್ಣಗಾದರೆ ಹೋಗುತ್ತದೆ, ನರಕ್ಕೆ ಹೊಸ ಪೆಟ್ಟೇನೂ ಬಿದ್ದಿರುವುದಿಲ್ಲ. ಕಾರ್ತಿಕದಲ್ಲಿ ಚಳಿ ಇರುತ್ತದಲ್ವಾ ಎನ್ನಬೇಡಿ. ಜನರ ನಡುವೆ, ಹುರಿಯುವ ಬಾಣಲೆ ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡು ನಿಂತು ನೋಡಿ. ಕುತ್ತಿಗೆಗೆ ಒದ್ದೆ ಟವೆಲ್, ಫ್ಲಾಸ್ಕಿನಲ್ಲಿ ತಣ್ಣೀರು, ಬೇಗ ಬಿಚ್ಚಬಹುದಾದ ಬಟ್ಟೆ ಇರಲಿ. ಚೈತ್ರದ ಕರಗಕ್ಕೆ ಹೋಗುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಬೇಸಿಗೆಯ ಜೊತೆ ನಿದ್ದೆಗೇಡೂ ಸೇರುತ್ತದೆ.

ಐದನೆಯದು, ಯಾರೂ ಬಾಯಿಬಿಟ್ಟು ಹೇಳದ್ದು

ಎಂಎಸ್‌ನಲ್ಲಿ ಮೂತ್ರ ಬಂದರೆ ತಡೆಯುವುದು ಕಷ್ಟ. ಹಾಗಾಗಿ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಬೇಡ. ನೀರು ಕಡಿಮೆಯಾಗಿ ಮೂತ್ರದ ಸೋಂಕಾದರೆ ಜ್ವರ ಬರುತ್ತದೆ, ಜ್ವರ ಬಂದರೆ ಕಾಲು ಮತ್ತೆ ಹೋಗುತ್ತದೆ. ಮೆಟ್ರೊ ಇಳಿದ ಕೂಡಲೇ ಒಂದು ಸಲ, ಆಮೇಲೆ ಎರಡು ಗಂಟೆಗೊಮ್ಮೆ, ಅವಸರ ಇರಲಿ ಬಿಡಲಿ ಹೋಗಿ ಬನ್ನಿ. ಪ್ಯಾಡ್ ಹಾಕಿಕೊಂಡರೆ ಧೈರ್ಯ.

ಚೀಲದಲ್ಲಿ ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಇರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ವೈಕಲ್ಯಗಳಲ್ಲಿ ಎಂಎಸ್ ಕೂಡ ಇದೆ. ನೋಡಲು ಚೆನ್ನಾಗೇ ಕಾಣುವವರು ಕ್ಯೂ ತಪ್ಪಿಸಿ ಬಿಡಿ ಎಂದು ಕೇಳುವಾಗ ಮಾತಿಗಿಂತ ಕಾರ್ಡ್ ಬೇಗ ಕೆಲಸ ಮಾಡುತ್ತದೆ.

ಅಲ್ಲಿ ಹೋದ ಮೇಲೆ

ಗುಡಿ ದಿಣ್ಣೆಯ ಮೇಲಿದೆ, ಮೆಟ್ಟಿಲು ಹತ್ತಬೇಕು. ನಾನು ಹತ್ತುವುದಿಲ್ಲ, ಕೆಳಗಿನಿಂದಲೇ ಕೈ ಮುಗಿಯುತ್ತೇನೆ. ರೈತರ ಕಡಲೆಕಾಯಿ ಬೆಳೆಯನ್ನು ಬಸವ ಮೇಯುತ್ತಿದ್ದ, ಅದಕ್ಕೇ ಮೊದಲ ಫಸಲು ಅವನಿಗೆ ಎನ್ನುವುದು ಪರಿಷೆಯ ಕಥೆ. ಹೊಲಕ್ಕೇ ಹುಡುಕಿಕೊಂಡು ಹೋದ ದೇವರು ನನ್ನನ್ನು ಮೆಟ್ಟಿಲು ಹತ್ತಿಸಲಾರ ಅಂತ ನನ್ನ ನಂಬಿಕೆ. ಕಡಲೆಕಾಯಿ ರಾಶಿ ಇರುವುದು ನೆಲದ ಮೇಲೆ. ವಾಕರ್ ಸೀಟಿನಲ್ಲಿ ಕೂತರೆ ವ್ಯಾಪಾರಿಯ ಮುಖ ಹತ್ತಿರ ಸಿಗುತ್ತದೆ. "ಕೂತೇ ಇರಿ ಅಮ್ಮಾ, ರುಚಿ ನೋಡಿ" ಅಂತ ಅವರೇ ಕೈಗೆ ಕೊಡುತ್ತಾರೆ. ಚೌಕಾಸಿಗೂ ಟೈಮ್ ಸಿಗುತ್ತದೆ.

ಎಷ್ಟು ಗಂಟೆಗೆ ಹೊರಡಬೇಕು ಎನ್ನುವುದನ್ನು ಮನೆಯಲ್ಲೇ ತೀರ್ಮಾನಿಸಿ. ಸುಸ್ತಾದ ಮೇಲೆ ಹೊರಟರೆ ಆ ಒಂದು ಕಿಲೋಮೀಟರ್ ಮೂರಾಗುತ್ತದೆ. ಮಾರನೆಯ ದಿನ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ವಿಶ್ರಾಂತಿ ತೆಗೆದುಕೊಂಡು ಮೈ ತಣ್ಣಗಾದರೂ, ಜ್ವರ ಇಲ್ಲದಿದ್ದರೂ ಹೊಸದಾಗಿ ಕಾಣಿಸಿಕೊಂಡ ಜೋಮು, ಮಂಜು, ನಿಶ್ಶಕ್ತಿ 24 ಗಂಟೆ ಮೀರಿ ಉಳಿದರೆ ನರರೋಗ ತಜ್ಞರಿಗೆ ಫೋನ್ ಮಾಡಿ. ಬರೀ ಆಯಾಸವಾದರೆ ಮಲಗಿ. ಕಡಲೆಕಾಯಿಯನ್ನು ಬೇರೆ ಯಾರಾದರೂ ಬೇಯಿಸಲಿ.