ಕಾಸರಗೋಡಿನ ಮಳೆಗಾಲ ದಾಟಿದ ಕಪ್ಪು ಹರಳು

ಜೂನ್ ಎರಡನೇ ವಾರ ಲೈಟಿನ ಅಡಿಗೆ ಇಟ್ಟ, ಹೊಸ ಬಗೆಯ ಸೋಲಾರ್ ಸೆಲ್‌ಗಳಿಗೆ ಬಳಸುವ ಪೆರೋವ್‌ಸ್ಕೈಟ್ ಜಾತಿಯ ಮೀಥೈಲ್‌ಅಮೋನಿಯಂ ಲೆಡ್ ಅಯೊಡೈಡ್ ಹರಳು ಸೆಪ್ಟೆಂಬರ್ ಕೊನೆಗೂ ಕಪ್ಪಾಗಿಯೇ ಇತ್ತು, ಅಂದರೆ ಹಾಳಾಗಿರಲಿಲ್ಲ. ಅದೂ ಬದಿಯಡ್ಕದ ಹತ್ತಿರದ ನಮ್ಮ ಚಿಕ್ಕ ಲ್ಯಾಬಿನಲ್ಲಿ, ಗ್ಲವ್ ಬಾಕ್ಸ್ (ಗಾಳಿ, ತೇವ ಸೋಕದಂತೆ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಇಲ್ಲದೆ. "ಕಾಸರಗೋಡಿನ ಮಳೆಗೆ ಪೆರೋವ್‌ಸ್ಕೈಟ್ ಉಳಿಯುತ್ತಾ? ಸುಮ್ನೆ ದುಡ್ಡು ಹಾಳು ಮಾಡ್ಬೇಡ ಮಾರಾಯ" ಎಂದಿದ್ದ ಬೆಂಗಳೂರಿನ ಗೆಳೆಯನಿಗೇ ಮೊದಲ ಫೋಟೋ ಕಳಿಸಿದೆ.

ಹರಳು ಬೆಳೆಸುವುದು ಅಷ್ಟು ಕಷ್ಟವಲ್ಲ. ಗಾಮಾ ಬ್ಯುಟಿರೋಲ್ಯಾಕ್ಟೋನ್ ಎಂಬ ದ್ರಾವಕದಲ್ಲಿ ಕರಗಿಸಿ 110 ಡಿಗ್ರಿಗೆ ಬಿಸಿ ಮಾಡುವುದು, ಆಮೇಲೆ ತಾಳ್ಮೆ. ನಾಲ್ಕೈದು ಮಿಲಿಮೀಟರಿನದ್ದು ಸುಲಭವಾಗಿ ಬರುತ್ತದೆ. ಕಷ್ಟ ಶುರುವಾಗುವುದು ಆಮೇಲೆ.

ಮೊದಲ ವರ್ಷ ನನ್ನ ಸಿಟ್ಟೆಲ್ಲ ನೀರಿನ ಮೇಲೆ. ಕೋಣೆಯಲ್ಲಿ ತೇವಾಂಶ ಶೇ. 85–90, ಬೇರೆ ಏನು ಯೋಚಿಸಲಿ? ಡೆಸಿಕೇಟರ್ (ಒಳಗಿನ ಗಾಳಿ ಒಣಗಿಯೇ ಇರುವ ಮುಚ್ಚಿದ ಪಾತ್ರೆ), ತೇವ ಹೀರುವ ಸಿಲಿಕಾ ಜೆಲ್ ಕಿಲೋಗಟ್ಟಲೆ, ಅದನ್ನು ಒಣಗಿಸಲು ಓವನ್ ಅಂತ ಹದಿನೈದು ಸಾವಿರ ಹೋಯಿತು. ಆದರೂ 50 ವ್ಯಾಟಿನ ಎಲ್‌ಇಡಿ ಅಡಿಯಲ್ಲಿ ವಾರದೊಳಗೆ ಹರಳಿನ ಮೈಮೇಲೆ ಅರಸಿನ ಹುಡಿ ಉದುರಿದ ಹಾಗೆ ಹಳದಿ. ಹರಳು ಒಡೆದು ಉಳಿದ ಲೆಡ್ ಅಯೊಡೈಡ್! ಅದೇ ಡೆಸಿಕೇಟರಿನಲ್ಲಿ ಕಪ್ಪು ಕಾಗದ ಸುತ್ತಿಟ್ಟ ಹರಳಿಗೆ ಏನೂ ಆಗಿರಲಿಲ್ಲ. ಲೈಟಿನ ಬಿಸಿ ಇರಬಹುದೇ ಎಂದು ಇನ್ನೊಂದನ್ನು ಕತ್ತಲಲ್ಲಿ 45 ಡಿಗ್ರಿಯಲ್ಲಿಟ್ಟೆ. ಅದೂ ಸರಿಯಾಗಿತ್ತು.

ಉಳಿದದ್ದು ಆಕ್ಸಿಜನ್. ಬೆಳಕು ಬಿದ್ದರೆ ಹರಳಿನ ಎಲೆಕ್ಟ್ರಾನನ್ನು ಅದು ಎತ್ತಿಕೊಂಡು ಸೂಪರ್‌ಆಕ್ಸೈಡ್ ಆಗುತ್ತದೆ, ಆ ಸೂಪರ್‌ಆಕ್ಸೈಡ್ ಮೀಥೈಲ್‌ಅಮೋನಿಯಂನ ಪ್ರೋಟಾನನ್ನು ಕಿತ್ತುಕೊಳ್ಳುತ್ತದೆ. ಮೀಥೈಲ್‌ಅಮೀನ್ ಹಾರಿಹೋಗುತ್ತದೆ, ಹಳದಿ ಉಳಿಯುತ್ತದೆ. ಒಣಗಿದ ಗಾಳಿಯಲ್ಲೂ ಆಕ್ಸಿಜನ್ ಇದ್ದೇ ಇರುತ್ತದಲ್ವಾ?

ಥರ್ಮೋಕೋಲನ್ನು ಟಾಲ್ವೀನಿನಲ್ಲಿ ಕರಗಿಸಿ ಬಳಿದು ನೋಡಿದೆ. ಖರ್ಚು ಏನೂ ಇಲ್ಲ, ನೀರಿಗೂ ಜಗ್ಗಲಿಲ್ಲ. ಲೈಟಿನ ಅಡಿಗೆ ಮಾತ್ರ ಹತ್ತೇ ದಿನ, ಯಾಕೆಂದರೆ ಥರ್ಮೋಕೋಲಿನ ಪಾಲಿಸ್ಟೈರೀನಿನೊಳಗೆ ಆಕ್ಸಿಜನ್ ನುಸುಳುತ್ತದೆ. ಆಮೇಲೆ ಎಪಾಕ್ಸಿ ಅಂಟು. ಗಟ್ಟಿಯಾಗುವ ಮೊದಲೇ ಹರಳಿನ ಮೈ ಬಿಳಿಚಿಕೊಂಡಿತು. ಗಟ್ಟಿಯಾಗಲು ಬೆರೆಸುವ ಅಮೀನ್ ಹರಳನ್ನೇ ತಿನ್ನುತ್ತದೆ. ದಯವಿಟ್ಟು ಯಾರೂ ನೇರ ಹಚ್ಚಬೇಡಿ, ನನ್ನ ಆರು ಒಳ್ಳೆಯ ಹರಳು ಹಾಗೆ ಹೋದವು.

ಗೆದ್ದದ್ದು ಹೀಗೆ: ಎರಡು ಗಾಜಿನ ನಡುವೆ ಹರಳು, ಸುತ್ತ ಬ್ಯುಟೈಲ್ ರಬ್ಬರಿನ ಅಂಟು ಟೇಪ್, ನೈಟ್ರೋಜನ್ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಕೈಹಾಕಿ ಒತ್ತಿ ಮುಚ್ಚುವುದು. ಸಿಲಿಂಡರ್ ಮಂಗಳೂರಿನಿಂದ ತಂದೆ, ಡೆಪಾಸಿಟ್ ಸೇರಿ ಏಳೆಂಟು ಸಾವಿರ. ಟಯರ್ ಅಂಗಡಿಯ ನೈಟ್ರೋಜನ್ ಅಷ್ಟು ಶುದ್ಧವಲ್ಲ, ಸಾಲದು, ಅದನ್ನೂ ನೋಡಿಯಾಗಿದೆ. ಮುಚ್ಚುವ ಮೊದಲು ಹರಳನ್ನು ತೊಳೆಯುವ ಒಂದು ದ್ರಾವಣ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಅಯೊಡೈಡಿನ ಜೊತೆ ಬ್ರೊಮೈಡ್ ಬೆರೆಸಿದ ಪೆರೋವ್‌ಸ್ಕೈಟ್ ಪದರಗಳನ್ನೂ ಹೀಗೆಯೇ ಮುಚ್ಚಿ ನೋಡಿದೆ. ಲೇಸರ್ ಬಿಟ್ಟ ಕೆಲವೇ ನಿಮಿಷಕ್ಕೆ ಅವು ಹೊಮ್ಮಿಸುವ ಬೆಳಕು ಕೆಂಪಿಗೆ ಸರಿದು 1.68 ಎಲೆಕ್ಟ್ರಾನ್ ವೋಲ್ಟಿನ (ಬೆಳಕಿನ ಶಕ್ತಿಯ ಅಳತೆ) ಹತ್ತಿರ ನಿಂತಿತು. ಕತ್ತಲಲ್ಲಿಟ್ಟರೆ ಮತ್ತೆ ಮೊದಲಿನಂತೆ. 2015ರಲ್ಲಿ ಎರಿಕ್ ಹೋಕ್ ಎಂಬ ವಿಜ್ಞಾನಿಯ ತಂಡ ತೋರಿಸಿದ್ದು ಇದನ್ನೇ. ಅಯೊಡೈಡ್ ಒಂದು ಕಡೆ, ಬ್ರೊಮೈಡ್ ಒಂದು ಕಡೆ ಸೇರಿಕೊಳ್ಳುತ್ತವೆ. ಇದು ಒಳಗಿನದೇ ಓಡಾಟ, ಹೊರಗೆ ಎಷ್ಟು ಭದ್ರ ಮಾಡಿದರೂ ನಿಲ್ಲುವುದಿಲ್ಲ. ಕಣ್ಣೆದುರೇ ನೋಡಿದ ಆ ಸಂಜೆ ಊಟದ ನೆನಪೇ ಇರಲಿಲ್ಲ.

ಒಟ್ಟು ಖರ್ಚು ನಲವತ್ತು ಸಾವಿರದ ಹತ್ತಿರ. ಈ ಮಳೆಗಾಲ ಹನ್ನೆರಡು ಪ್ಯಾಕೆಟ್ ಇಟ್ಟಿದ್ದೆ, ಹನ್ನೊಂದು ಕಪ್ಪಾಗಿಯೇ ಇವೆ. ಹಾಳಾದ ಒಂದನ್ನು ಲೆನ್ಸಿನಡಿ ನೋಡಿದರೆ ಟೇಪಿನ ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು. ಹರಳು ಹಳದಿಯಾಗಲು ಶುರುವಾದದ್ದೂ ಆ ಮೂಲೆಯ ಕಡೆಯಿಂದಲೇ.