ಬೆನ್ನ ಮೇಲೆ ಗೆರೆ ಇಲ್ಲದ ಜೀರುಂಡೆ

ಎರಡು ಮಳೆಗಾಲ ನಾನು ಈ ಹುಳವನ್ನು ಜೀರುಂಡೆ ಎಂದೇ ಬರೆದಿಟ್ಟುಕೊಂಡಿದ್ದೆ. ಐದು ಮಿಲಿಮೀಟರ್ ಉದ್ದ, ಗುಂಡು ಬೆನ್ನು, ನೀಲಿ ಹೊಳಪು. ಯಾರು ನೋಡಿದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಒಂದು ಬೆಳಿಗ್ಗೆ ತೊರೆಯ ದಡದ ಒದ್ದೆ ಹುಲ್ಲಿನಲ್ಲಿ ಬಲೆ ಬೀಸಿದಾಗ ಒಂದು ಸಿಕ್ಕಿತು. ಗಾಜಿನ ಕೊಳವೆಗೆ ಬಿಟ್ಟು ಸುಮ್ನೆ ನೋಡುತ್ತಾ ಕೂತೆ. ಎರಡು ಹೆಜ್ಜೆ ನಡೆಯುವುದು, ನಿಂತು ಗಾಜಿಗೆ ಬಾಯಿ ಒತ್ತುವುದು, ಮತ್ತೆ ನಡೆಯುವುದು. ಜೀರುಂಡೆ ಕಚ್ಚಿ ತಿನ್ನುವ ಪ್ರಾಣಿ. ಹೀಗೆ ಒರೆಸಿ ಹೀರುವುದು ನೊಣದ ಚಾಳಿ! ಭೂತಗನ್ನಡಿ ಹಿಡಿದೆ. ಬೆನ್ನ ನಡುವೆ ಗೆರೆಯೇ ಇಲ್ಲ. ಜೀರುಂಡೆಯಾದರೆ ಎರಡು ಗಟ್ಟಿ ರೆಕ್ಕೆ ಕೂಡುವಲ್ಲಿ ಉದ್ದಕ್ಕೆ ಗೆರೆ ಇರಬೇಕು. ಇಲ್ಲಿ ಒಂದೇ ತುಂಡು, ಬೋರಲು ಹಾಕಿದ ಬಟ್ಟಲಿನ ಹಾಗೆ.

ಅದು ಸೆಲಿಫಿಡೇ ಕುಟುಂಬದ ನೊಣ. ಹೆಚ್ಚಿನವು ಏಷ್ಯಾದ ಬಿಸಿನಾಡುಗಳಲ್ಲಿ, ಒಂದಿಷ್ಟು ಆಫ್ರಿಕಾದಲ್ಲಿ. ಸೆಲಿಫಸ್ ಎಂಬ ಕುಲಕ್ಕೆ ಸ್ವೀಡನ್ನಿನ ಕೀಟತಜ್ಞ ಡಾಲ್ಮನ್ ಹೆಸರಿಟ್ಟದ್ದು 1818ರಲ್ಲಿ. ನೊಣಗಳ ಎದೆಯ ಹಿಂತುದಿಯಲ್ಲಿ ಸ್ಕ್ಯೂಟೆಲಮ್ ಎಂಬ ಪುಟ್ಟ ಫಲಕ ಇರುತ್ತದೆ. ಇದರಲ್ಲಿ ಅದೇ ಉಬ್ಬಿ ಬೆಳೆದು ಇಡೀ ಹೊಟ್ಟೆಯನ್ನು ಮುಚ್ಚಿದೆ. ರೆಕ್ಕೆಗಳು ಮಡಚಿಕೊಂಡು ಅದರಡಿ ಸೇರುತ್ತವೆ. ಜೀರುಂಡೆ ಹಾರುವಾಗ ಚಿಪ್ಪನ್ನು ಎತ್ತುತ್ತದೆ. ಇದಕ್ಕೆ ಎತ್ತಲು ಬರುವುದಿಲ್ಲ. ಪಕ್ಕದಿಂದ ರೆಕ್ಕೆ ಹೊರಗೆ ಹಾಕಿ ಹಾರುತ್ತದೆ.

ಫೋಟೊ ತೆಗೆಯುವುದೇ ಗೋಳು. ಬೆನ್ನು ಕನ್ನಡಿಯಂತೆ ಮಿಂಚುತ್ತದೆ. ಫ್ಲ್ಯಾಶ್ ಬಿದ್ದರೆ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೊದಲ ನಲವತ್ತು ಫೋಟೊ ಹಾಳಾದವು. ಆಮೇಲೆ ಫ್ಲ್ಯಾಶ್‌ಗೆ ಎರಡು ಪದರ ಟಿಶ್ಯೂ ಪೇಪರ್ ಅಂಟಿಸಿದೆ, ಸರಿಹೋಯಿತು. ಕೊಳವೆಯನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿ ಇಟ್ಟರೆ ಹುಳ ಮಂಕಾಗಿ ಕೂರುತ್ತದೆ. ಫ್ರೀಜರ್‌ನಲ್ಲಿ ಬೇಡ, ಸತ್ತೇ ಹೋಗುತ್ತದೆ. ಬೆನ್ನು ಚೆಂದ ಅಂತ ಅದನ್ನೇ ತೆಗೆಯುತ್ತಾ ಕೂರಬೇಡಿ. ಮುಖದ ಫೋಟೊ ಜಾಸ್ತಿ ಕೆಲಸಕ್ಕೆ ಬರುತ್ತದೆ: ಮೀಸೆಯ ಮೇಲಿನ ಕೂದಲಿನಂಥ ಎಳೆಯ ಬುಡ ಎಲೆಯಂತೆ ಚಪ್ಪಟೆಯಾಗಿದ್ದರೆ ಅದು ಈ ಕುಟುಂಬದ್ದೇ ಎಂಬ ಧೈರ್ಯ ಬರುತ್ತದೆ.

ಮನೆಗೆ ಬಂದು ಹಳೆಯ ಫೋಟೊಗಳನ್ನು ತೆಗೆದು ನೋಡಿದೆ. 'ನೀಲಿ ಜೀರುಂಡೆ' ಎಂದು ಬರೆದಿದ್ದ ಹನ್ನೊಂದರಲ್ಲಿ ಏಳಕ್ಕೆ ಗೆರೆ ಇರಲಿಲ್ಲ. ಹೆಸರು ಹೊಡೆದು ಹಾಕಿ ತಿದ್ದಿದೆ. ಒಂದರ ಬೆನ್ನ ಮೇಲೆ ಮಾತ್ರ ನನ್ನದೇ ಫ್ಲ್ಯಾಶಿನ ಬಿಳಿ ಚುಕ್ಕೆ ಸರಿಯಾಗಿ ನಡುವೆಯೇ ಕೂತಿದೆ.