ಕ್ಯಾಮೆರಾ ಅವರ ಕೈಗೆ ಕೊಟ್ಟ ಮೇಲೆ

ಮೊದಲ ಸಲ ನಾನು ಮಾಡಿದ್ದೆಲ್ಲ ತಪ್ಪೇ. ಬಡವರ ಬೀದಿಯೊಂದಕ್ಕೆ ಹೋಗಿ ತೆರೆದ ಚರಂಡಿ, ಬಿರುಕು ಗೋಡೆ, ಸುಸ್ತಾದ ಮುಖ ಅಂತ ಕಪ್ಪು-ಬಿಳುಪಿನಲ್ಲಿ ಚೆಂದದ ಫೋಟೋ ತೆಗೆದು, ಅದೇ ಬೀದಿಯ ಗೋಡೆಗೆ ಅಂಟಿಸಿದೆ. ಒಬ್ಬ ಅಜ್ಜಿ ತಮ್ಮ ಫೋಟೋ ಮುಂದೆ ತುಂಬಾ ಹೊತ್ತು ನಿಂತರು. "ಅವತ್ತು ನಾನು ನಗ್ತಾನೂ ಇದ್ದೆ ಕಣಪ್ಪಾ, ಅದನ್ಯಾಕೆ ಹಾಕ್ಲಿಲ್ಲ?" ಅಂದರು. ನಗುವ ಫೋಟೋನೂ ಇತ್ತು. ನಾನೇ ಬಿಟ್ಟಿದ್ದೆ.

ಇದು ಹಳೇ ಕಾಯಿಲೆ. 1936ರಲ್ಲಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ತೆಗೆದ ವಲಸೆ ತಾಯಿಯ ಫೋಟೋ ಜಗತ್ತಿಗೇ ಗೊತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಗೊತ್ತಾಗಿದ್ದು 1978ರಲ್ಲಿ, ಆ ಫೋಟೋದಿಂದ ತನಗೆ ಬಿಡಿಗಾಸೂ ಸಿಗಲಿಲ್ಲ ಅಂತ ಆಕೆ ಬೇಜಾರು ಮಾಡಿಕೊಂಡಿದ್ದರು.

ಆಮೇಲೆ ಫೋಟೋವಾಯ್ಸ್ ಬಗ್ಗೆ ಓದಿದೆ. 1990ರ ದಶಕದಲ್ಲಿ ಚೀನಾದ ಯುನ್ನಾನ್‌ನಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರ್ರಿಸ್ ಹಳ್ಳಿ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟಿದ್ದರು. ತೆಗೆದವರೇ ಅದರ ಕಥೆ ಹೇಳಬೇಕು, ಆ ಕಥೆ ಅಧಿಕಾರ ಇರುವವರಿಗೆ ಮುಟ್ಟಬೇಕು, ಅಷ್ಟೇ. ನಾನೂ ಅದೇ ಬೀದಿಗೆ ವಾಪಸ್ ಹೋದೆ, ಈ ಸಲ ಫೋಟೋ ತೆಗೆಯೋದು ಅವರು.

ಚರಂಡಿ ಮೇಲೆ ಒಂದು ಚಪ್ಪಡಿ ಇರಲಿಲ್ಲ. ನನ್ನ ಫೋಟೋದಲ್ಲಿ ಅದು ಸುಮ್ನೆ ಒಂದು ಕಪ್ಪು ಗೆರೆ. ಒಬ್ಬ ಹುಡುಗಿ ಕುಕ್ಕರುಗಾಲಲ್ಲಿ ಕೂತು, ಪಕ್ಕದಲ್ಲಿ ತಮ್ಮನನ್ನು ನಿಲ್ಲಿಸಿ ತೆಗೆದಿದ್ದಳು. ಅವನು ಪೂರ್ತಿ ಒಳಗೆ ಹೋಗುವಷ್ಟು ದೊಡ್ಡ ಬಾಯಿ ಅದು! ಇನ್ನೊಬ್ಬರು ತೆಗೆದದ್ದು ಕಟ್ಟೆ ಮೇಲೆ ಕೂತು ಹರಟುವವರನ್ನು. ಕಷ್ಟ ಹುಡುಕುತ್ತಿದ್ದ ನನಗೆ ಆ ಕಟ್ಟೆ ಕಂಡೇ ಇರಲಿಲ್ಲ.

ಪ್ರಿಂಟ್‌ಗಳನ್ನು ನೆಲದ ಮೇಲೆ ಹರಡಿ ಎಲ್ಲರೂ ಸುತ್ತ ಕೂರುತ್ತಿದ್ದೆವು. ಏನು ಕಾಣುತ್ತಿದೆ, ನಿಜಕ್ಕೂ ಏನು ನಡೆಯುತ್ತಿದೆ, ಯಾಕೆ ಹೀಗೆ, ಏನು ಮಾಡಬಹುದು? ಕಸದ ರಾಶಿಯ ಒಂದು ಫೋಟೋಗೇ ದೊಡ್ಡ ಜಗಳ. ಜನರಿಗೆ ಬುದ್ಧಿ ಇಲ್ಲ ಅಂತ ಒಬ್ಬರು, ಗಾಡಿ ಒಳಗೆ ಬರೋದೇ ಇಲ್ಲ ಅಂತ ಇನ್ನೊಬ್ಬರು. ಇಬ್ಬರೂ ಎದುರು ಮನೆಯವರು, ಅಲ್ಲಿವರೆಗೆ ಮಾತೇ ಆಡಿರಲಿಲ್ಲವಂತೆ. ನನಗೆ ಪ್ರದರ್ಶನಕ್ಕಿಂತ ಈ ಜಗಳವೇ ಜಾಸ್ತಿ ಮುಖ್ಯ ಅನ್ನಿಸಿತು.

ಒಪ್ಪಿಗೆ ಎರಡು ಸಲ ಕೇಳಿ, ತೆಗೆಯುವಾಗ ಒಮ್ಮೆ, ಪ್ರಿಂಟ್ ತೋರಿಸಿ ಇನ್ನೊಮ್ಮೆ. ಎರಡನೇ ಸಲ 'ಬೇಡ' ಅಂದವರು ಇದ್ದಾರೆ, ಅವರ ಫೋಟೋ ಕೈಬಿಟ್ಟೆ. ಮನೆ ಖಾಲಿ ಮಾಡಿಸುತ್ತಾರೆ ಅನ್ನೋ ಭಯ ಇದ್ದವರ ಮುಖ ಹಾಕಲಿಲ್ಲ, ಕೈ ಮತ್ತು ಬಾಗಿಲು ಮಾತ್ರ. ಫೋನ್ ಫೋಟೋದೊಳಗೆ ಜಾಗದ ಗುರುತು ಅಡಗಿರಬಹುದು, ಹಂಚುವ ಮುಂಚೆ ಅಳಿಸಿ. ಅಡಿಬರಹ ಅವರ ಮಾತಲ್ಲೇ ಇರಲಿ, ತಿದ್ದಬೇಡಿ (ನನಗೆ ಕೈ ತುರಿಸುತ್ತಿತ್ತು).

ಚಪ್ಪಡಿ, ಬೀದಿ ದೀಪ ಬೇಕು ಅಂತ ಕೊಟ್ಟ ದೂರಿಗೆ ಬಲ ಬಂದದ್ದು ಒಂದೇ ಜಾಗದಿಂದ ವಾರವಾರ ತೆಗೆದು ತಾರೀಕು ಬರೆದ ಫೋಟೋಗಳ ಸಾಲಿನಿಂದ. ಚಪ್ಪಡಿ ಬಂತು. ದೀಪ ಇನ್ನೂ ಬಂದಿಲ್ಲ. ಆ ದೀಪದ ಕಂಬದ ಫೋಟೋ ವಾರಕ್ಕೊಂದು ಸೇರುತ್ತಲೇ ಇದೆ, ಈಗ ಅದನ್ನು ತೆಗೆಯುವವಳು ಆ ಹುಡುಗಿ.